ಏರ್ ರೈಫಲಿನ ತಡೆಕೊಂಡಿ

ತಾರೀಖು 28, ಸೋಮವಾರ, ಬೆಳಿಗ್ಗೆ 10.20ಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು. ಕೊರಳಿನಿಂದ ಅಳತೆಯ ಟೇಪು ಇಳಿಬಿದ್ದಿತ್ತು, ಅದನ್ನು ತೆಗೆದಿಟ್ಟು ಬರಲು ಅವರಿಗೆ ನೆನಪಾಗಿರಲಿಲ್ಲ.

"ಯಾರ ಮೇಲಮ್ಮ ದೂರು?" ಎಂದು ಹೆಡ್ ಕಾನ್ಸ್‌ಟೇಬಲ್ ಕೇಳಿದರು.

"ಸ್ಪ್ರಿಂಗ್ ಮೇಷ್ಟ್ರ ಮೇಲೆ."

"ಯಾವ ಸ್ಕೂಲು?"

"ಸ್ಕೂಲಿನವರಲ್ಲ. ಏರ್ ರೈಫಲ್ ಬಿಚ್ಚಿ ನಯ ಮಾಡಿ ಕೊಡ್ತಾರಲ್ಲ, ಅವರು. ಎಲ್ರೂ ಹಾಗೇ ಕರೆಯೋದು."

ಹೆಂಗಸು ಟೈಲರ್ ಒಬ್ಬರ ಹೆಂಡತಿ. ಗಂಡ ಭಾನುವಾರಗಳಂದು ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ನಿನ್ನೆ, 27ರಂದು ಬೆಳಿಗ್ಗೆ 11 ಗಂಟೆ ಸುಮಾರಿಗೆ ಗೆಳೆಯನ ರೈಫಲಿಗೆ ಗುಂಡು ತುಂಬುವಾಗ ಅದು ತಾನಾಗಿಯೇ ಬಿಟ್ಟುಕೊಂಡು ಬಲಗೈ ತೋರುಬೆರಳನ್ನು ಮೇಲಿನ ಗಿಣ್ಣಿನ ತನಕ ಕತ್ತರಿಸಿ ಹಾಕಿತ್ತು. ಪಕ್ಕದ ಬೆರಳು ಜಜ್ಜಿ ಹೋಗಿತ್ತು. ಆ ರೈಫಲನ್ನು ಈ ತಿಂಗಳು ಬಿಚ್ಚಿ ಕೂಡಿಸಿದ್ದು ಮೇಷ್ಟ್ರು.

"ಆಕಸ್ಮಿಕ ಇರಬಹುದಲ್ಲಮ್ಮ."

"ಇರಬಹುದು. ಕತ್ತರಿ ಹಿಡಿಯೋ ಬೆರಳು ಅದು. ಆಕಸ್ಮಿಕ ಅಂತ ಬರ್ಕೊಡೋಕೆ ಯಾರಾದ್ರೂ ಬೇಕಲ್ಲ, ಅದನ್ನ ನೀವೇ ನೋಡಿ ಬರೀರಿ."

10.55ಕ್ಕೆ FIR ದಾಖಲಾಯಿತು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು. ಸಹಿ ಹಾಕಿದ ಮೇಲೆ ಮತ್ತೊಮ್ಮೆ ತರಿಸಿಕೊಂಡು ತಾರೀಖು ಸರಿಯಾಗಿದೆಯೇ ಎಂದು ನೋಡಿದರು. ಅವರ ಅಭ್ಯಾಸವೇ ಅದು. ಜೀಪು ಹೊರಟ ಮೇಲೂ ಮೇಜಿನ ಖಾನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕೇಳುವರು, ಡ್ರೈವರ್ ಉತ್ತರ ಕೊಡುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಕ್ಲಬ್ಬು ಒಂದು ಹಳೆಯ ಗೋದಾಮಿನಲ್ಲಿತ್ತು. ಏಳು ಸಾಲು, ಸಾಲಿಗೊಂದು ಮೇಜು, ಹತ್ತು ಮೀಟರ್ ಆಚೆ ಕಾಗದದ ಗುರಿಗಳು. ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಪಕ್ಕದ ಸೈಕಲ್ ಅಂಗಡಿಯವರೂ ಎದುರು ಮನೆಯ ನಿವೃತ್ತ ಲೈನ್‌ಮನ್ ಒಬ್ಬರೂ ಬಂದರು. ನಾಲ್ಕನೇ ಮೇಜಿನ ಮೇಲೆ ರಕ್ತ ಇರಬೇಕಿತ್ತು. ಇರಲಿಲ್ಲ.

"ತೊಳೆದವರು ಯಾರು?"

ವಾಚ್‌ಮನ್ ಮುಂದೆ ಬಂದ. "ನಾನೇ ಸಾರ್. ನೊಣ ಬರ್ತಿತ್ತು."

"ಬೆರಳಿನ ತುಂಡು?"

"ಅದನ್ನ ಮೇಷ್ಟ್ರು ಕರ್ಚೀಫಲ್ಲಿ ಸುತ್ತಿ ಆಸ್ಪತ್ರೆಗೆ ತಗೊಂಡು ಹೋದ್ರು. ಕೂಡಲಿಲ್ವಂತೆ."

"ಮೇಷ್ಟ್ರೂ ಇಲ್ಲಿದ್ರಾ?"

"ರೈಫಲ್ ಹೇಗೆ ಹೊಡೀತದೆ ನೋಡೋಕೆ ಬಂದಿದ್ರು. ಟೈಲರ್ ಪಕ್ಕದಲ್ಲೇ ನಿಂತಿದ್ರು."

ರೈಫಲನ್ನು ಕ್ಲಬ್ಬಿನ ಕಾರ್ಯದರ್ಶಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಅದನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಪಕ್ಕದಲ್ಲಿರುವ ಉದ್ದನೆಯ ಲಿವರನ್ನು ಹಿಂದಕ್ಕೆ ಎಳೆದರೆ ಒಳಗಿನ ದಪ್ಪ ಸ್ಪ್ರಿಂಗ್ ಮುದುಡಿ ಕೂರುತ್ತದೆ. ಅದರ ಜೊತೆಗೆ ಒಂದು ಉಕ್ಕಿನ ಕೊಳವೆಯೂ ಹಿಂದೆ ಸರಿದು, ನಳಿಗೆಯ ಬಾಯಿಯ ಮುಂದೆ ಎರಡು ಬೆರಳಿನಷ್ಟು ಜಾಗ ತೆರೆಯುತ್ತದೆ. ಅಲ್ಲಿ ಸೀಸದ ಗುಂಡನ್ನು ಬೆರಳಿನಿಂದ ಒತ್ತಿ ಲಿವರನ್ನು ಮುಚ್ಚಬೇಕು. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಗಾಳಿ ಗುಂಡನ್ನು ನೂಕುತ್ತದೆ.

"ಬೆರಳು ಒಳಗಿರುವಾಗ ಸ್ಪ್ರಿಂಗ್ ಜಾರಿದರೆ?"

"ಜಾರಿದ್ರೂ ಕೊಳವೆ ಮುಂದೆ ಬರಬಾರದು ಅಂತ ತಡೆಕೊಂಡಿ ಇದೆ ಸಾರ್. ಲಿವರ್ ಎಳೆಯುವಾಗ ಹಲ್ಲಿನ ಪಟ್ಟಿ ಮೇಲೆ ಅದು ಕಟಕಟ ಅಂತ ಕೂತ್ಕೊಂಡು ಬರುತ್ತೆ. ನೋಡಿ."

ಕಾರ್ಯದರ್ಶಿ ಲಿವರನ್ನು ನಿಧಾನವಾಗಿ ಎಳೆದರು. ಎಣ್ಣೆ ಸುರಿದಂತೆ ಅದು ಹಿಂದೆ ಬಂತು. ಏನೂ ಸದ್ದಾಗಲಿಲ್ಲ. ಅವರು ಲಿವರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಕೊಂಡಿ ಇಲ್ಲ" ಎಂದರು.

ರೈಫಲಿನ ಮಾಲೀಕ ಅಲ್ಲೇ ಬಾಗಿಲ ಬಳಿ ನಿಂತಿದ್ದ. ವೃತ್ತಿಯಲ್ಲಿ ಸರ್ವೇಯರ್, ನಲವತ್ತರ ಆಸುಪಾಸು. ಅಂಗಿಯ ಜೇಬಿನಲ್ಲಿ ಮೂರು ಪೆನ್ಸಿಲ್, ಮೂರರ ಮೊನೆಯೂ ಒಂದೇ ಎತ್ತರಕ್ಕೆ.

"ಈ ಸದ್ದು ಯಾವಾಗಿನಿಂದ ಇಲ್ಲ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಮೂರನೇ ತಾರೀಖು ಮೇಷ್ಟ್ರ ಹತ್ತಿರದಿಂದ ಬಂದಾಗಿನಿಂದ ಹೀಗೇ ಇದೆ ಸಾರ್."

"ಕೇಳಲಿಲ್ವಾ?"

"ನಯ ಮಾಡೋದಕ್ಕೆ ಅವರೇ ತೆಗೆದಿರಬೇಕು ಅಂದ್ಕೊಂಡೆ. ದೊಡ್ಡವರನ್ನ ಹೇಗೆ ಕೇಳೋದು."

ಹೇಳಿಕೆ ಬರೆದುಕೊಂಡಿದ್ದಾಯಿತು. ಸರ್ವೇಯರ್ ಅದನ್ನು ಓದಿ, ಒಂದು ಕಡೆ ಬಿಟ್ಟುಹೋಗಿದ್ದ ಅಲ್ಪವಿರಾಮ ಹಾಕಿ, ಸಹಿ ಮಾಡಿದ. ರೈಫಲನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದಾಗ 1.40.

ಮೇಷ್ಟ್ರ ವರ್ಕ್‌ಶಾಪು ಮನೆಯ ಹಿಂಬದಿಯ ಒಂದೇ ಕೋಣೆ. 3.30ಕ್ಕೆ ಪೊಲೀಸರು ಹೋದಾಗ ಅವರು ಬಾಗಿಲು ತೆರೆದೇ ಇಟ್ಟು, ಸ್ಟೂಲಿನ ಮೇಲೆ ಕೂತಿದ್ದರು. ಅರವತ್ತೆಂಟು ವಯಸ್ಸು. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿ ಬಂದವರು. ಕಾನ್ಸ್‌ಟೇಬಲ್‌ಗಳನ್ನು ಕಂಡು ಎದ್ದು ನಿಂತವರು ಮತ್ತೆ ಕೂರಲೇ ಇಲ್ಲ.

"ಆ ರೈಫಲಿಗೆ ಏನೇನು ಮಾಡಿದ್ರಿ, ಹೇಳಿ."

ಕೆಲಸದ ವಿಷಯ ಬಂದಾಗ ಅವರ ದನಿ ಸ್ವಲ್ಪ ನೆಟ್ಟಗಾಯಿತು. ಕಾರ್ಖಾನೆಯಿಂದ ಬರುವ ಸ್ಪ್ರಿಂಗಿನ ಎರಡೂ ತುದಿ ಒರಟಾಗಿರುತ್ತವೆ, ಅವನ್ನು ತೇಯ್ದು ಕನ್ನಡಿ ಮಾಡಬೇಕು. ಸ್ಪ್ರಿಂಗಿನ ನಡುವೆ ಕೂರುವ ಕಡ್ಡಿ ಸಡಿಲವಿದ್ದರೆ ಹೊಡೆದಾಗಲೆಲ್ಲ ಒಳಗೆ ಝಣ್ಣೆನ್ನುತ್ತದೆ. ಅದಕ್ಕೆ ಹೊಸ ಕಡ್ಡಿ ಕಡೆದು, ಕೈಯಿಂದ ಒತ್ತಿದರೆ ಮಾತ್ರ ಹೋಗುವಷ್ಟು ಬಿಗಿ ಮಾಡಬೇಕು. ಪಿಸ್ಟನ್ ಮೈಯಲ್ಲಿರುವ ಚೂಪು ಅಂಚುಗಳನ್ನು ತೆಗೆಯಬೇಕು. ಕೊನೆಗೆ ಅಂಟು ಗ್ರೀಸನ್ನು ಬ್ರಷ್ಷಿನಿಂದ ತೆಳ್ಳಗೆ, ಸ್ಪ್ರಿಂಗಿಗೆ ಮಾತ್ರ.

"ಜಾಸ್ತಿ ಆದ್ರೆ?"

"ಪಿಸ್ಟನ್ ಮುಂದಕ್ಕೆ ಹೋಗಿ ಗಾಳಿಯ ಬಿಸಿಗೆ ಉರಿಯುತ್ತೆ. ಹೊಗೆ ಬರುತ್ತೆ, ಗುಂಡು ಹುಚ್ಚೆದ್ದು ಹೋಗುತ್ತೆ. ನಯ ಮಾಡೋದು ಅಂದ್ರೆ ಜೋರು ಮಾಡೋದಲ್ಲ ಸಾರ್. ಹೊಡೆದಾಗ ಭುಜಕ್ಕೆ ಒಂದೇ ಒಂದು ತಟ್ಟು, ಅಷ್ಟೇ. ಒದೆತ ಇಲ್ಲ, ನಡುಕ ಇಲ್ಲ."

ಮೇಜಿನ ಮೇಲೆ ರಟ್ಟಿನ ಮೊಟ್ಟೆ ಟ್ರೇ ಒಂದಿತ್ತು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುವುದು ಮೇಷ್ಟ್ರ ಪದ್ಧತಿ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುವುದು. ಟ್ರೇ ಖಾಲಿಯಾದರೆ ಕೆಲಸ ಮುಗಿಯಿತು.

"ಟ್ರೇ ಖಾಲಿ ಆಗಿತ್ತಾ?"

"ಆಗಿತ್ತು." ಮೇಷ್ಟ್ರು ಟ್ರೇಯನ್ನೇ ನೋಡಿದರು. "ಆಗಿತ್ತು ಅನ್ಸುತ್ತೆ. ಅವತ್ತು ಮಧ್ಯದಲ್ಲಿ ಕರೆಂಟ್ ಹೋಯ್ತು. ತಂಗಿ ಫೋನ್ ಮಾಡಿದಳು, ಹೊರಗೆ ಹೋಗಿ ಮಾತಾಡಿದೆ. ವಾಪಸ್ ಬಂದ್ಮೇಲೆ ಎಲ್ಲಿಂದ ಶುರು ಮಾಡ್ದೆ ಅಂತ..."

"ಕೊಂಡಿ ಹಾಕಿದ್ರೋ ಇಲ್ವೋ?"

"ಹಾಕದೇ ಇರೋಕಾಗಲ್ಲ ಸಾರ್. ಆದ್ರೆ ನೀವು ಇಲ್ಲ ಅಂತೀರಿ. ನಿನ್ನೆಯಿಂದ ನನ್ನ ಕೈಯನ್ನೇ ನಾನು ನಂಬ್ತಿಲ್ಲ."

ಮೇಷ್ಟ್ರ ಹೆಂಡತಿ ಬಾಗಿಲ ಹಿಂದಿನಿಂದ, "ಊಟ ಮಾಡಿಲ್ಲ ಇವರು. ನೀವಾದ್ರೂ ಹೇಳಿ" ಎಂದರು. ಪೊಲೀಸರು ಮನೆಗೆ ಬಂದಾಗ ಹೀಗೆ ಹೇಳುವವರನ್ನು ಇನ್‌ಸ್ಪೆಕ್ಟರ್ ಕಂಡಿರಲಿಲ್ಲ. "ಊಟ ಮಾಡಿ ಮೇಷ್ಟ್ರೇ" ಎಂದುಬಿಟ್ಟರು. ಕೆಲಸದ ನೋಟ್‌ಬುಕ್ಕನ್ನು ವಶಕ್ಕೆ ತೆಗೆದುಕೊಂಡು ಹೊರಬಂದರು.

ತಾರೀಖು 29, ಮಂಗಳವಾರ. ಬೆಳಿಗ್ಗೆ 9.30ಕ್ಕೆ ಮೇಲಧಿಕಾರಿಯ ಫೋನು ಬಂತು. ಪತ್ರಿಕೆಯಲ್ಲಿ ಸುದ್ದಿ ಬಂದಿದೆ, ಆರೋಪಿಯ ಹೆಸರು ಗೊತ್ತಿದೆ, ಮತ್ತೇಕೆ ತಡ ಎಂದು ಕೇಳಿದರು. ನಾಳೆ ಸಂಜೆಯೊಳಗೆ ಬಂಧನ ಆಗಬೇಕು. ಇನ್‌ಸ್ಪೆಕ್ಟರ್ "ಆಗಲಿ ಸಾರ್" ಎಂದರು. ಫೋನ್ ಇಟ್ಟ ಮೇಲೆ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಸರಿಸಿದರು.

10.30ಕ್ಕೆ ಕೇಂದ್ರ ಕಚೇರಿಯಿಂದ ಆಯುಧ ರಿಪೇರಿಯವರು ಬಂದರು. ಅದೇ ಪಂಚರ ಎದುರು ಮೊಹರು ಒಡೆಯಲಾಯಿತು. ಮೇಷ್ಟ್ರನ್ನು ಕರೆಸಿ ಮೂರು ಮಾರು ದೂರದಲ್ಲಿ ಕೂರಿಸಿದ್ದರು, ಮುಟ್ಟಬಾರದು. ಸ್ಪ್ರಿಂಗ್ ಎದೆಗೆ ಹಾರದಂತೆ ಮೇಜಿನ ವೈಸಿನಲ್ಲಿ ಬಿಗಿದು ಒಂದೊಂದೇ ಭಾಗ ಹೊರತೆಗೆದ ರಿಪೇರಿಯವರು, ಪಿಸ್ಟನ್ ಬಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏನಾಯ್ತು?" ಎಂದರು ಇನ್‌ಸ್ಪೆಕ್ಟರ್.

"ಏನಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಶುದ್ಧ ಕೆಲಸ ನೋಡಿಲ್ಲ. ಪಂಚನಾಮೆಗೆ ಬೇಡ, ಸುಮ್ನೆ ಹೇಳ್ದೆ."

ತಡೆಕೊಂಡಿ ಇರಲಿಲ್ಲ. ಅದರ ಸಣ್ಣ ಸ್ಪ್ರಿಂಗೂ ಇರಲಿಲ್ಲ. ಟ್ರಿಗರಿನ ಸ್ಕ್ರೂ ಮೂರು ಸುತ್ತು ಒಳಗಿತ್ತು, ಎಳೆತ ಅಪಾಯವಾಗುವಷ್ಟು ಹಗುರ. ಮೇಜಿಗೆ ಸ್ವಲ್ಪ ತಾಗಿದರೂ ಜಾರಬಹುದು.

"ಇದರ ಮೇಲೆ ನಿಮ್ಮ ಗುರುತೇನಾದ್ರೂ ಇದೆಯಾ ಮೇಷ್ಟ್ರೇ?"

"ಹೊರಗಿನ ಸ್ಕ್ರೂಗಳ ಸೀಳು ಎಲ್ಲಾ ನಳಿಗೆಯ ಉದ್ದಕ್ಕೇ ನಿಲ್ಲಿಸ್ತೀನಿ. ಬೇರೆಯವರು ಬಿಚ್ಚಿದ್ರೆ ಅಡ್ಡ ನಿಂತಿರ್ತವೆ, ನೋಡಿದ ತಕ್ಷಣ ಗೊತ್ತಾಗುತ್ತೆ."

ಬಿಚ್ಚುವ ಮುಂಚೆ ತೆಗೆದ ಫೋಟೋ ತೋರಿಸಿದರು. ನಾಲ್ಕು ಸ್ಕ್ರೂಗಳ ಸೀಳೂ ದಾರ ಹಿಡಿದು ಎಳೆದಂತೆ ನಳಿಗೆಯ ಉದ್ದಕ್ಕೇ ಇದ್ದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ನನ್ನ ನಂತರ ಯಾರೂ ಬಿಚ್ಚಿಲ್ಲ. ನಾನೇ ಬಿಟ್ಟಿದೀನಿ. ಬರ್ಕೊಳ್ಳಿ ಸಾರ್, ಸಹಿ ಹಾಕ್ತೀನಿ."

ಹೆಡ್ ಕಾನ್ಸ್‌ಟೇಬಲ್ ಪೆನ್ನಿನ ಮುಚ್ಚಳ ತೆಗೆದರು. ಇನ್‌ಸ್ಪೆಕ್ಟರ್ ಎದ್ದು ಕಿಟಕಿಯ ತನಕ ಹೋಗಿ ಬಂದರು. ನೋಟ್‌ಬುಕ್ಕನ್ನು ತೆರೆದರು. ಈ ರೈಫಲ್ ನಾಲ್ಕು ಸಲ ಬಂದಿತ್ತು. ಮೊದಲು: ಝಣಝಣ, ಹೊಸ ಕಡ್ಡಿ. ಎರಡು: ಹಿಂದಕ್ಕೆ ಒದೆತ, ಸ್ಪ್ರಿಂಗ್ ಒಂದು ಸುತ್ತು ಕಮ್ಮಿ. ಮೂರು: ಕೊನೆಯಲ್ಲಿ ಗುದ್ದು, ಪಿಸ್ಟನ್ ಸೀಲು ಬದಲು. ನಾಲ್ಕು: ಎಳೆಯುವಾಗ ಕಿರಕಿರ, ಲಿವರಿನ ಕೀಲು ತೇಯ್ದು ಗ್ರೀಸು. ಅದರ ಕೆಳಗೆ: ಟ್ರಿಗರ್ ಎರಡೂವರೆ ಸುತ್ತು.

"ಇಲ್ಲಿ ಎರಡೂವರೆ ಅಂತಿದೆ. ರೈಫಲಲ್ಲಿ ಮೂರಿದೆ."

"ತಪ್ಪು ಬರೆದಿರಬೇಕು," ಎಂದರು ಮೇಷ್ಟ್ರು.

"ಟ್ರಿಗರ್ ಸ್ಕ್ರೂ ಹೊರಗಿನಿಂದಲೇ ತಿರುಗಿಸ್ಬಹುದು ಸಾರ್," ಎಂದರು ಹೆಡ್ ಕಾನ್ಸ್‌ಟೇಬಲ್. "ಅದರಿಂದ ಏನೂ ಸಾಬೀತಾಗಲ್ಲ. ಅವರೇ ಒಪ್ಕೋತಿದಾರೆ, ನಮಗ್ಯಾಕೆ ತಲೆನೋವು?"

ಇನ್‌ಸ್ಪೆಕ್ಟರಿಗೆ ಒಪ್ಪಿಕೊಂಡ ರೀತಿಯೇ ಸರಿ ಕಾಣಲಿಲ್ಲ. ಒಪ್ಪಿಕೊಳ್ಳುವವರು ಸಾಮಾನ್ಯವಾಗಿ ಏನು ಮಾಡಿದೆ ಎಂದು ಹೇಳುತ್ತಾರೆ. ಈ ಮನುಷ್ಯ ಏನು ಮಾಡಿರಬಹುದು ಎಂದು ಹೇಳುತ್ತಿದ್ದರು. ಸಹಿ ಹಾಕಿಸಿಕೊಂಡರೆ ವರ್ಕ್‌ಶಾಪಿನ ಪರವಾನಗಿ ಹೋಗುತ್ತದೆ, ಈ ವಯಸ್ಸಿನಲ್ಲಿ ಜೈಲೂ ಆಗಬಹುದು. ಹಾಕಿಸಿಕೊಳ್ಳದಿದ್ದರೆ, ತಪ್ಪಿತಸ್ಥನನ್ನು ಎದುರಿಗೆ ಕೂರಿಸಿಕೊಂಡು ಬಿಟ್ಟೆನೇ ಎಂಬ ಯೋಚನೆ ತನ್ನನ್ನು ಬಿಡುವುದಿಲ್ಲ.

"ಇವತ್ತು ಬೇಡ. ಮನೆಗೆ ಹೋಗಿ ಮೇಷ್ಟ್ರೇ. ಊರು ಬಿಡಬೇಡಿ."

"ಎಲ್ಲಿಗೆ ಹೋಗ್ಲಿ ಸಾರ್," ಎಂದು ಅವರು ಎದ್ದರು.

ಮಧ್ಯಾಹ್ನ 2.15ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್ಸ್‌ಟೇಬಲ್ ಒಬ್ಬಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಟೈಲರ್ ದಿಂಬಿಗೊರಗಿ ಕೂತಿದ್ದರು. ಬಲಗೈ ಬ್ಯಾಂಡೇಜಿನಲ್ಲಿ ಬೂದುಗುಂಬಳದಷ್ಟಾಗಿತ್ತು. ಇನ್‌ಸ್ಪೆಕ್ಟರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಎಡಭುಜ ಅರ್ಧ ಇಂಚು ಕೆಳಗಿದೆ ಸಾರ್. ಯೂನಿಫಾರ್ಮ್ ಹೊಲಿದವನು ನೋಡೇ ಇಲ್ಲ" ಎಂದರು.

"ನೀವು ವಾಸಿಯಾಗಿ ಬಂದು ಸರಿ ಮಾಡಿ."

"ಈ ಕೈಯಲ್ಲಾ? ಇನ್ಮೇಲೆ ಬರೀ ಬಾಯಲ್ಲೇ ಹೊಲಿಯೋದು. ಅದಕ್ಕೂ ಇವಳು ಒಪ್ಪಲ್ಲ." ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ.

"ಆ ರೈಫಲನ್ನ ಮುಂಚೆ ಹೊಡೆದಿದ್ರಾ?"

"ಇಲ್ಲ. ಎರಡು ವರ್ಷದಿಂದ ಕೇಳ್ತಿದ್ದೆ. ಅವನು ಅದನ್ನ ಯಾರಿಗೂ ಮುಟ್ಟೋಕೆ ಕೊಡಲ್ಲ, ಕೂಸಿದ್ದ ಹಾಗೆ. ಮೊನ್ನೆ ಮೇಷ್ಟ್ರು ಅಲ್ಲೇ ಇದ್ರಲ್ಲ, 'ಕೊಡಪ್ಪ, ಒಂದು ಸಲ ಹೊಡೀಲಿ, ನಾನೂ ನೋಡ್ತೀನಿ' ಅಂದ್ರು. ಕೊಟ್ಟ."

"ಕೊಡುವಾಗ ಏನಾದ್ರೂ ಹೇಳಿದ್ನಾ?"

ಟೈಲರ್ ಯೋಚಿಸಿದರು. "ಹೇಳೋಕೆ ಬಾಯಿ ತೆಗೆದ. ಮೇಷ್ಟ್ರ ಮುಖ ನೋಡಿದ. ಸುಮ್ಮನಾದ. ಗೀರು ಮಾಡ್ಬೇಡ ಅನ್ನೋಕೆ ಬಂದಿರ್ಬೇಕು ಅಂತ ನಾನೇ 'ಆಯ್ತು ಮಾರಾಯಾ, ಗೀರು ಮಾಡಲ್ಲ' ಅಂದೆ."

"ಗುಂಡು ಹಾಕುವಾಗ ಲಿವರ್ ಹಿಡ್ಕೊಂಡಿದ್ರಾ?"

"ಹಿಡ್ಕೋಬೇಕು ಅಂತ ಗೋಡೆ ಮೇಲೆ ಬರೆದಿದೆ. ಯಾರೂ ಹಿಡ್ಕೊಳ್ಳಲ್ಲ. ಕೊಂಡಿ ಇರುತ್ತಲ್ಲ. ಬಲಗೈಯಲ್ಲಿ ಎಳೀತೀವಿ, ಬಿಡ್ತೀವಿ, ಅದೇ ಕೈಯಲ್ಲಿ ಗುಂಡು ಹಾಕ್ತೀವಿ. ಮೊಣಕೈ ಮೇಜಿಗೆ ತಾಗಿತು ಅಷ್ಟೇ."

ಹೊರಗೆ ಜೀಪಿನಲ್ಲಿ ಕೂತ ಮೇಲೆ ಇನ್‌ಸ್ಪೆಕ್ಟರ್ 'ಯಾರೂ ಹಿಡ್ಕೊಳ್ಳಲ್ಲ' ಎಂಬ ಮಾತನ್ನು ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದರು. ಯಾಕೆ ಎಳೆದೆ ಎಂದು ಅವರಿಗೇ ಸ್ಪಷ್ಟವಿರಲಿಲ್ಲ.

ಕ್ಲಬ್ಬಿನಲ್ಲಿ ಒಂದು ಕ್ಯಾಮೆರಾ ಇತ್ತು. ಚಿತ್ರ ಮಾತ್ರ, ಧ್ವನಿ ಇಲ್ಲ. ತಿಂಗಳ ದೃಶ್ಯ ಉಳಿದಿರುತ್ತದೆ. ಸದ್ದಿನ ಕೇಸಿಗೆ ಸದ್ದಿಲ್ಲದ ಕ್ಯಾಮೆರಾ ಏತಕ್ಕೆ ಎಂದು ಹೆಡ್ ಕಾನ್ಸ್‌ಟೇಬಲ್ ನಕ್ಕಿದ್ದರು. ಸಂಜೆ 4 ಗಂಟೆಗೆ ಕಾರ್ಯದರ್ಶಿಯ ಕೋಣೆಯಲ್ಲಿ ಕೂತು, ಸರ್ವೇಯರ್ ಹೊಡೆದ ಭಾನುವಾರಗಳನ್ನು ಒಂದೊಂದಾಗಿ ಹಾಕಿಸಿದರು. 6ನೇ ತಾರೀಖು. 13. 20. ಮತ್ತೆ 6. ಮೇಜಿನ ಮುಂದೆ ಬಾಗಿದ ಮನುಷ್ಯ ಎಳೆಯುತ್ತಾನೆ, ತುಂಬುತ್ತಾನೆ, ಹೊಡೆಯುತ್ತಾನೆ. ನೂರಾರು ಸಲ. ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕೂತು ಎದ್ದು, ಎದ್ದು ಕೂತು ಮಾಡಿದರು.

"ಸಾರ್," ಎಂದಳು ಮಹಿಳಾ ಕಾನ್ಸ್‌ಟೇಬಲ್. "ಇಪ್ಪತ್ತನೇ ತಾರೀಖು ಇವರು ಎಡಗೈಯಲ್ಲಿ ಗುಂಡು ಹಾಕ್ತಿದಾರೆ."

ನಿಲ್ಲಿಸಿ ಹಿಂದಕ್ಕೆ ಹೋದರು. 6 ಮತ್ತು 13ರಂದು ಸರ್ವೇಯರ್ ಎಲ್ಲರಂತೆ ಬಲಗೈಯಲ್ಲಿ ಲಿವರ್ ಎಳೆದು, ಬಿಟ್ಟು, ಅದೇ ಕೈಯಲ್ಲಿ ಗುಂಡು ತುಂಬುತ್ತಿದ್ದ. 20ರಂದು ಬಲಗೈ ಲಿವರನ್ನು ಬಿಡಲೇ ಇಲ್ಲ. ಗಟ್ಟಿಯಾಗಿ ಹಿಡಿದೇ ಇತ್ತು. ಎಡಗೈ ಅಭ್ಯಾಸವಿಲ್ಲದೆ ತಡಕಾಡುತ್ತಿತ್ತು. ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಗುಂಡು ನೆಲಕ್ಕೆ ಬಿದ್ದವು, ನಾಲ್ಕನ್ನೂ ಆತ ಬಗ್ಗಿ ಹುಡುಕಿ ಎತ್ತಿಟ್ಟ.

"ನಿನಗೆ ಹೇಗೆ ಕಣ್ಣಿಗೆ ಬಿತ್ತು?"

"ನಮ್ಮನೆ ಬೀರು ಬಾಗಿಲಿನ ಕೀಲು ಮುರಿದು ಆರು ತಿಂಗಳಾಯ್ತು ಸಾರ್. ಒಂದು ಕೈಲಿ ಬಾಗಿಲು ಹಿಡ್ಕೊಂಡೇ ಇನ್ನೊಂದು ಕೈಲಿ ಬಟ್ಟೆ ತೆಗೀಬೇಕು, ಇಲ್ಲಾಂದ್ರೆ ಕಾಲ ಮೇಲೆ ಬೀಳುತ್ತೆ. ನಾನು, ಅಮ್ಮ, ಅತ್ತಿಗೆ, ಎಲ್ರೂ ಹೀಗೇ ನಿಲ್ಲೋದು. ಗೊತ್ತಿರೋರು ಮಾತ್ರ ಹೀಗೆ ನಿಲ್ತಾರೆ."

ಕಾರ್ಯದರ್ಶಿ ಪರದೆಯನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರ್ 13ರ ಕೊನೆಯ ಹೊಡೆತವನ್ನೂ 20ರ ಮೊದಲ ಹೊಡೆತವನ್ನೂ ಮೂರು ಸಲ ನೋಡಿ, ಸಮಯ ಬರೆದುಕೊಂಡು, ದೃಶ್ಯವನ್ನು ಪಂಚರ ಎದುರು ವಶಕ್ಕೆ ಪಡೆದರು. 5.50ಕ್ಕೆ ಮೇಷ್ಟ್ರಿಗೆ ಫೋನ್ ಮಾಡಿದರು.

"ಕೊಂಡಿ ತೆಗೀರಿ ಅಂತ ಸರ್ವೇಯರ್ ಯಾವತ್ತಾದ್ರೂ ಕೇಳಿದ್ರಾ?"

"ಹದಿನಾಲ್ಕಕ್ಕೋ ಹದಿನೈದಕ್ಕೋ ಬಂದಿದ್ರು. ಬೇರೆಲ್ಲಾ ಸದ್ದು ಹೋಯ್ತು, ಇದೊಂದು ಉಳೀತು ಅಂದ್ರು. ಅದು ಕಾವಲು ಕಣಯ್ಯಾ, ಸದ್ದಲ್ಲ ಅಂತ ಬೈದು ಕಳಿಸ್ದೆ. ಕೆಲಸ ಮಾಡ್ಲಿಲ್ಲವಲ್ಲ, ಅದಕ್ಕೆ ಪುಸ್ತಕದಲ್ಲಿ ಬರೀಲಿಲ್ಲ."

"ಇದನ್ನ ಮುಂಚೆ ಯಾಕೆ ಹೇಳಲಿಲ್ಲ?"

"ಕೇಳೋದು ತಪ್ಪಲ್ಲವಲ್ಲ ಸಾರ್. ನನ್ನ ತಪ್ಪು ಮುಚ್ಚೋಕೆ ಅವರ ಹೆಸರು ಹೇಳ್ದ ಹಾಗಾಗುತ್ತೆ."

"ನೀವು ಬಿಚ್ಚೋದನ್ನ ಅವರು ನೋಡಿದಾರಾ?"

"ನಾಲ್ಕು ಸಲವೂ ಪಕ್ಕದಲ್ಲೇ ನಿಂತು ನೋಡಿದಾರೆ. ಸ್ಕ್ರೂ ಸೀಳು ಯಾಕೆ ಉದ್ದಕ್ಕೆ ನಿಲ್ಲಿಸ್ತೀರಿ ಅಂತ ಕೇಳಿದ್ರು. ಚಂದ ಕಾಣುತ್ತೆ ಅಂದೆ."

ತಾರೀಖು 30, ಬುಧವಾರ, ಬೆಳಿಗ್ಗೆ 11.00. ಸರ್ವೇಯರ್ ಠಾಣೆಗೆ ಹೇಳಿದ ಸಮಯಕ್ಕೆ ಐದು ನಿಮಿಷ ಮುಂಚೆ ಬಂದು ಕೂತಿದ್ದ. ಇನ್‌ಸ್ಪೆಕ್ಟರ್ ಎರಡು ಫೋಟೋಗಳನ್ನು ಮೇಜಿನ ಮೇಲೆ ಇಟ್ಟರು.

"ಇದು ಹದಿಮೂರು. ಇದು ಇಪ್ಪತ್ತು. ಏನು ವ್ಯತ್ಯಾಸ?"

ಆತ ನೋಡಿದ. "ಲಿವರ್ ಹಿಡ್ಕೊಂಡಿದೀನಿ."

"ಯಾಕೆ?"

"ನಿಯಮ ಇದೆ. ಗೋಡೆ ಮೇಲೆ ಬರೆದಿದೆ. ನಿಯಮ ಪಾಲಿಸಿದ್ದು ತಪ್ಪಾ ಸಾರ್?"

"ಅಲ್ಲ. ಮೂರನೇ ತಾರೀಖಿನಿಂದ ಕೊಂಡಿ ಇಲ್ಲ ಅಂದ್ರಿ. ಆರಕ್ಕೂ ಹದಿಮೂರಕ್ಕೂ ನಿಯಮ ಇರಲಿಲ್ವಾ?"

ಸರ್ವೇಯರ್ ಫೋಟೋಗಳ ಅಂಚನ್ನು ಒಂದಕ್ಕೊಂದು ಸರಿಯಾಗಿ ಹೊಂದಿಸಿದ.

ಮಧ್ಯಾಹ್ನ 1.30ಕ್ಕೆ ಅವನ ಮನೆಯ ಶೋಧನೆ ನಡೆಯಿತು. ಅವನ ಅಕ್ಕ ಬಾಗಿಲು ತೆರೆದರು. ತಮ್ಮ ಏನು ಮಾಡಿದ ಎಂದು ಕೇಳಲಿಲ್ಲ. "ಮೆತ್ತಗೆ ನಡೀರಿ, ಆ ಹಲಗೆ ಕಿರ್ ಅಂದ್ರೆ ಅವನು ಇಡೀ ದಿನ ಮಾತಾಡಲ್ಲ" ಎಂದರು, ಆಮೇಲೆ ತಮ್ಮ ಮನೆಯಲ್ಲಿಲ್ಲವೆಂಬುದು ನೆನಪಾಗಿ ಪಕ್ಕಕ್ಕೆ ಸರಿದರು. ಗೋಡೆ ಗಡಿಯಾರ ನಿಂತಿತ್ತು. ಕೆಟ್ಟಿದೆಯೇ ಎಂದು ಹೆಡ್ ಕಾನ್ಸ್‌ಟೇಬಲ್ ಕೇಳಿದರು.

"ಇಲ್ಲ. ಸೆಲ್ ತೆಗೆದಿದಾನೆ."

ಅಳತೆ ಉಪಕರಣಗಳ ಪೆಟ್ಟಿಗೆಯಲ್ಲಿ, ನಕ್ಷೆಯ ಕಾಗದದಿಂದ ಮಡಚಿದ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ಬಿಡಿಸಿದಾಗ ಉಗುರಿನಷ್ಟು ಉಕ್ಕಿನ ಕೊಂಡಿ, ಅದರ ಜೊತೆ ಕೂದಲಿನಂಥ ಸ್ಪ್ರಿಂಗು. ಪೊಟ್ಟಣದ ಮೇಲೆ ಚೂಪು ಪೆನ್ಸಿಲಿನ ದುಂಡು ಅಕ್ಷರ: ತಡೆಕೊಂಡಿ, 1. ಸ್ಪ್ರಿಂಗ್, 1. ತೆಗೆದದ್ದು ತಾ. 17, ಸಂಜೆ 6.40.

ಪಂಚರಲ್ಲಿ ಒಬ್ಬರಾದ ಲೈನ್‌ಮನ್ ಅದನ್ನು ಓದಿ, "ಕದ್ದು ಮಾಡಿದ್ದಕ್ಕೆ ತಾರೀಖು ಹಾಕ್ತಾರಾ ಯಾರಾದ್ರೂ?" ಎಂದರು.

ಬಿಸಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಚ್ಚಿದ ಭಾಗವನ್ನು ಬಿಸಾಡುವುದೂ, ಗುರುತು ಹಾಕದೆ ಇಡುವುದೂ ಆ ಮನುಷ್ಯನ ಕೈಯಲ್ಲಿ ಆಗದ ಕೆಲಸ. ಇನ್‌ಸ್ಪೆಕ್ಟರಿಗೆ ಅದು ಚೆನ್ನಾಗಿ ಅರ್ಥವಾಯಿತು, ಅರ್ಥವಾದದ್ದಕ್ಕೆ ಸ್ವಲ್ಪ ಕಸಿವಿಸಿಯೂ ಆಯಿತು. 2.25ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು.

ಸಂಜೆ 4.50ಕ್ಕೆ ಸರ್ವೇಯರನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ್ದು, ಸುಳ್ಳು ಹೇಳಿಕೆ ಕೊಟ್ಟದ್ದು, ಸಾಕ್ಷ್ಯ ಮುಚ್ಚಿಟ್ಟದ್ದು. ಬಂಧನದ ಕಾಗದವನ್ನು ಆತ ಪೂರ್ತಿ ಓದಿದ, ಈ ಸಲ ಏನನ್ನೂ ತಿದ್ದಲಿಲ್ಲ.

ಮಹಿಳಾ ಕಾನ್ಸ್‌ಟೇಬಲ್ ಮೇಷ್ಟ್ರ ಮನೆಗೆ ಹೋಗಿ ವಿಷಯ ತಿಳಿಸಿ ಬಂದಳು.

"ಏನಂದ್ರು?"

"ಆ ಪೊಟ್ಟಣ ನಿಜವಾಗ್ಲೂ ನೋಡಿದ್ಯಾ ಅಂತ ಮೂರು ಸಲ ಕೇಳಿದ್ರು. ಆಮೇಲೆ, ಬೈಯದೆ ಕೂರಿಸ್ಕೊಂಡು ಹೇಳಿದ್ರೆ ಕೇಳ್ತಿದ್ನೇನೋ ಅಂದ್ರು. ಅಮ್ಮಾವ್ರು ತಟ್ಟೆ ಇಟ್ರು ಸಾರ್. ಕೂತ್ರು."

5.15ಕ್ಕೆ ಸರ್ವೇಯರ್ ಹೇಳಿಕೆ ಶುರುವಾಯಿತು. ಆತ ತಡವರಿಸದೆ ಹೇಳಿದ, ನಕ್ಷೆ ವಿವರಿಸುವವನಂತೆ. ಮೊದಲು ಝಣಝಣ ಇತ್ತು. ಅದು ಹೋದ ಮೇಲೆ ಒದೆತ ಗೊತ್ತಾಯಿತು. ಒದೆತ ಹೋದ ಮೇಲೆ ಗುದ್ದು. ಗುದ್ದು ಹೋದ ಮೇಲೆ ಕಿರಕಿರ. ಎಲ್ಲವೂ ಹೋಗಿ ರೈಫಲ್ ಬೆಣ್ಣೆಯಂತಾದಾಗ ಕಟಕಟ ಮಾತ್ರ ಉಳಿಯಿತು. ಹಿಂದೆಂದೂ ಅದು ಅಷ್ಟು ಜೋರಾಗಿ ಕೇಳಿಸಿರಲಿಲ್ಲ. ಊಟ ಮಾಡುವಾಗ, ಜಮೀನಿನಲ್ಲಿ ಅಳತೆ ಸರಪಳಿ ಎಳೆಯುವಾಗ ಕಿವಿಯಲ್ಲಿ ಅದೇ. ಹದಿನೇಳರ ಸಂಜೆ ತಾನೇ ಬಿಚ್ಚಿ ಕೊಂಡಿ ತೆಗೆದು, ಟ್ರಿಗರನ್ನೂ ಅರ್ಧ ಸುತ್ತು ಒಳಗೆ ತಿರುಗಿಸಿ, ಸ್ಕ್ರೂ ಸೀಳುಗಳನ್ನು ಮೇಷ್ಟ್ರಂತೆಯೇ ಉದ್ದಕ್ಕೆ ನಿಲ್ಲಿಸಿದೆ ಎಂದ.

"ಟೈಲರ್ ನಿಮ್ಮ ಗೆಳೆಯ ತಾನೆ?"

"ಹನ್ನೆರಡು ವರ್ಷದಿಂದ. ಈ ಅಂಗಿ ಅವನೇ ಹೊಲಿದದ್ದು."

"ಕೊಂಡಿ ಇಲ್ಲ, ಲಿವರ್ ಹಿಡ್ಕೋ. ನಾಲ್ಕು ಮಾತು. ಯಾಕೆ ಹೇಳಲಿಲ್ಲ?"

"ಮೇಷ್ಟ್ರು ನಿಂತಿದ್ರು. ಅವರು ಬೇಡ ಅಂದಿದ್ದನ್ನ ಮಾಡಿದೀನಿ ಅಂತ ಅವರೆದುರಿಗೇ..." ಆತ ನಿಲ್ಲಿಸಿದ. "ಒಂದೇ ಹೊಡೆತ ತಾನೆ, ಅಷ್ಟರಲ್ಲಿ ಏನಾಗುತ್ತೆ ಅಂದ್ಕೊಂಡೆ. ಹೇಳೋಣ, ಹೇಳೋಣ ಅಂತಲೇ ಇದ್ದೆ ಸಾರ್. ಅವನು ಎಳೆದಾಗಲೂ ಹೇಳೋಣ ಅಂತಿದ್ದೆ."

"ಮೇಷ್ಟ್ರ ಮೇಲೆ ಬಂದಾಗ?"

"ಅವಾಗ ಇನ್ನೂ ಕಷ್ಟವಾಯ್ತು."

ಹೆಡ್ ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ಬೆರಳು ನೀವಿಕೊಂಡರು. ಇನ್‌ಸ್ಪೆಕ್ಟರ್ ನೀರು ಕೊಡಿಸಿದರು. ಕೊನೆಯ ಪ್ರಶ್ನೆ ಕೇಳಬೇಕಾದ ಅಗತ್ಯ ಕೇಸಿಗೆ ಇರಲಿಲ್ಲ, ಆದರೂ ಕೇಳಿದರು.

"ಅದನ್ನ ತೆಗೆದ ಮೇಲೆ ಸಮಾಧಾನ ಆಯ್ತಾ?"

"ಮೂರು ದಿನ ಆಯ್ತು. ನಾಲ್ಕನೇ ದಿನ ಇನ್ನೊಂದು ಕೇಳಿಸ್ತು. ತುಂಬಾ ಸಣ್ಣದು."

"ಏನದು?"

ಸರ್ವೇಯರ್ ಅದನ್ನೇ ಕೇಳಿಸಿಕೊಳ್ಳುವವನಂತೆ ತಲೆ ಸ್ವಲ್ಪ ವಾರೆ ಮಾಡಿದ. ಹೆಡ್ ಕಾನ್ಸ್‌ಟೇಬಲ್ ಪೆನ್ನು ಎತ್ತಿ ಹಿಡಿದು ಕಾದರು. ಕೊನೆಗೆ ಹೇಳಿಕೆಯ ಕೆಳಗೆ ಸಮಯ ಹಾಕಿದರು: 6.05.